ಅಟ್ಟಣಿಗೆಯ ಬುಡದಲ್ಲಿ

ಆತನ ಮುಖವನ್ನು ಸರಿಯಾಗಿ ನೋಡುವ ಮೊದಲೇ ನಾನು ಆತನ ಎಲುಬುಗಳನ್ನು ನೋಡಿದ್ದೆ. ತೊಂಬತ್ತರ ದಶಕದ ನಡುವಿನ ಮಾತು. ಆಗ ದಕ್ಷಿಣ ಲಂಡನ್ನಿನ ಸಟನ್ ಕಡೆಯ ಒಂದು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವುದು ನನ್ನ ಕೆಲಸ. ಡಿಸೆಂಬರಿನ ಒಂದು ಮಧ್ಯಾಹ್ನ, ಅರವತ್ತು ದಾಟಿದ ಒಬ್ಬ ಇಂಗ್ಲಿಷ್ ಮನುಷ್ಯನನ್ನು ಟ್ರಾಲಿಯ ಮೇಲೆ ತಂದರು. ಕೂದಲ ತುಂಬ ಒಣ ಎಲೆಯ ಚೂರು, ತುಟಿ ನೀಲಿ, ಮೈಮೇಲೆ ಮೂರು ಕಂಬಳಿ. ಫಿಲ್ಮ್ ತೊಳೆದು ಬೆಳಕಿಗೆ ಹಿಡಿದರೆ ಎರಡೂ ಹಿಮ್ಮಡಿಗಳು ಕಾಲ ಕೆಳಗೆ ಸಿಕ್ಕ ಬಿಸ್ಕತ್ತಿನ ಹಾಗೆ ಪುಡಿಯಾಗಿದ್ದವು. ಎತ್ತರದಿಂದ ನೆಟ್ಟಗೆ ಕಾಲ ಮೇಲೆ ಬಿದ್ದವರಿಗೆ ಹೀಗಾಗುತ್ತದೆ.

“ಏಣಿಯಿಂದ ಬಿದ್ದಿರಾ?” ಎಂದು ಕೇಳಿದೆ.

“ಮರದಿಂದ, ಡಾಕ್ಟರ್. ಜಿಂಕೆಗೆ ಕಾಯುತ್ತಿದ್ದೆ.”

ನಾನು ಡಾಕ್ಟರ್ ಅಲ್ಲ ಎಂದೆ. ಆತ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಯವರೆಗೂ ಆತನ ಪಾಲಿಗೆ ನಾನು ಡಾಕ್ಟರನೇ ಆಗಿ ಉಳಿದೆ. ಜಿಂಕೆಯ ಮಾತನ್ನು ನಾನು ನಂಬಲಿಲ್ಲ. ನೋವಿಗೆ ಕೊಟ್ಟ ಔಷಧದ ಅಮಲು ಇರಬೇಕು ಎಂದುಕೊಂಡು ಮುಂದಿನ ರೋಗಿಯನ್ನು ಕರೆದೆ.

ಆಮೇಲೆ ಕಾಲು ತೋರಿಸಲು ಆತ ಆಗಾಗ ಬರುತ್ತಿದ್ದ. ಮೊದಲು ಗಾಲಿಕುರ್ಚಿಯಲ್ಲಿ, ಬೇಸಿಗೆಯ ಹೊತ್ತಿಗೆ ಎರಡು ಊರುಗೋಲಿನಲ್ಲಿ. ಬಂದಾಗಲೆಲ್ಲ ಒಂದಿಷ್ಟು ಹೇಳುತ್ತಿದ್ದ. ರೈಲು ಹಳಿ ರಿಪೇರಿ ಮಾಡುವ ತಂಡದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾದವನು. ಹೆಂಡತಿ ತೀರಿಕೊಂಡಿದ್ದಳು. ಲಂಡನ್ನಿನ ಗಡಿ ಮುಗಿಯುವಲ್ಲಿ, ಬಸ್ಸಿನ ಕಡೆಯ ಸ್ಟಾಪಿನಿಂದ ಇಪ್ಪತ್ತು ನಿಮಿಷ ನಡೆದರೆ ಸಿಗುವ ಒಂದು ಖಾಸಗಿ ಕಾಡಿನಲ್ಲಿ ಜಿಂಕೆಗಳ ಸಂಖ್ಯೆ ಹತೋಟಿಯಲ್ಲಿಡುವ ಕೆಲಸ ಆತನದು. ಅವು ಆಡಿನ ಗಾತ್ರದ, ಬೂದು ಬಣ್ಣದ ಜಿಂಕೆಗಳು. ಹೊಸದಾಗಿ ನೆಟ್ಟ ಸಸಿಗಳನ್ನು ತಿಂದು ಬಿಡುತ್ತವೆ, ರಸ್ತೆಗೆ ನುಗ್ಗಿ ಕಾರಿಗೆ ಸಿಗುತ್ತವೆ. ಲೈಸೆನ್ಸ್ ಇದ್ದ ಆತ ಚಳಿಗಾಲದಲ್ಲಿ ಹೋಗಿ ಕೆಲವು ಹೆಣ್ಣು ಜಿಂಕೆಗಳನ್ನು ಹೊಡೆಯುತ್ತಿದ್ದ.

ಆತ ಕೂತು ಕಾಯುವ ಜಾಗ ಎಂದರೆ ಮರಕ್ಕೆ ಒರಗಿಸಿದ ಹದಿನಾಲ್ಕು ಅಡಿಯ ಏಣಿ, ಅದರ ತುದಿಗೆ ಒಬ್ಬರು ಕೂರುವಷ್ಟು ಹಲಗೆ, ಎದೆಯ ಮುಂದೆ ಬಂದೂಕು ಆನಿಸಲು ಒಂದು ಅಡ್ಡಕೋಲು. ಏಣಿಯನ್ನು ಕಾಂಡಕ್ಕೆ ಎರಡು ಪಟ್ಟಿಗಳಿಂದ ಬಿಗಿದಿರುತ್ತಾರೆ. ನಮ್ಮ ವಿಜಯಪುರದ ಕಡೆ ಜೋಳದ ಹೊಲದಲ್ಲಿ ಹಕ್ಕಿ ಕಾಯಲು ಹಾಕುವ ಅಟ್ಟಣಿಗೆಯ ತಮ್ಮನಂತೆ ಇತ್ತು ಅದು. ಇಷ್ಟು ಎತ್ತರ ಏಕೆ ಎಂದು ಕೇಳಿದೆ. ಜಿಂಕೆಗೆ ಮನುಷ್ಯನ ವಾಸನೆ ಸಿಗಬಾರದು, ಅದೊಂದು ಕಾರಣ. ಆತನಿಗೆ ಮುಖ್ಯವಾದದ್ದು ಇನ್ನೊಂದು: ಮೇಲಿನಿಂದ ಹೊಡೆದ ಗುಂಡು ತಪ್ಪಿದರೂ ನೆಲಕ್ಕೆ ಹೋಗಿ ಹೂತುಕೊಳ್ಳುತ್ತದೆ. ಅರ್ಧ ಮೈಲಿ ಆಚೆ ಮನೆಗಳಿವೆ, ಕುದುರೆ ಸವಾರರ ದಾರಿಯಿದೆ.

ಆ ದಿನ ಆದದ್ದು ಇಷ್ಟು. ಬೆಳಗಿನ ನಸುಕಿನಲ್ಲಿ ಒಬ್ಬನೇ ಹೋಗಿದ್ದ. ಮೇಲಿನ ಪಟ್ಟಿಯನ್ನು ಅಳಿಲುಗಳು ಕಡಿದಿದ್ದು ಗೊತ್ತಿರಲಿಲ್ಲ. ಏಣಿಯ ತುದಿಗೆ ಹೋಗಿ ಕೂರಲು ತಿರುಗುವಾಗ ಪಟ್ಟಿ ಹರಿಯಿತು. ಎಲ್ಲಿಗೆ ಹೋಗಿದ್ದೇನೆಂದು ಯಾರಿಗೂ ಹೇಳಿರಲಿಲ್ಲ. ಮಧ್ಯಾಹ್ನ ಒಬ್ಬಳು ನಾಯಿಯನ್ನು ತಿರುಗಾಡಿಸಲು ಬಂದಳು. ನಾಯಿ ಬೊಗಳಿದ್ದರಿಂದ ಆತ ಬದುಕಿದ.

“ಹಳಿಯ ಮೇಲೆ ಕೆಲಸ ಮಾಡುವಾಗ ಒಬ್ಬ ಲುಕ್‌ಔಟ್ ಇಲ್ಲದೆ ನಾವು ಕಾಲೇ ಇಡುತ್ತಿರಲಿಲ್ಲ,” ಎಂದ. “ಅವನ ಕೆಲಸ ಒಂದೇ, ರೈಲು ಬರುವುದನ್ನು ನೋಡಿ ಸೀಟಿ ಊದುವುದು. ಮೂವತ್ತು ವರ್ಷ ಪಾಲಿಸಿದ ನಿಯಮವನ್ನು ಮರದ ಮೇಲೆ ಮರೆತುಬಿಟ್ಟೆ.”

ಶರತ್ಕಾಲದಲ್ಲಿ ಕೊನೆಯ ಫಿಲ್ಮ್ ತೆಗೆಸಿಕೊಳ್ಳಲು ಬಂದಾಗ ಆತ ನೇರವಾಗಿ ಕೇಳಿದ: “ಡಾಕ್ಟರ್, ನನಗೊಬ್ಬ ಲುಕ್‌ಔಟ್ ಬೇಕು. ನೀನು ಬಂದೂಕು ಮುಟ್ಟಬೇಕಾಗಿಲ್ಲ. ಎದುರಿನ ಮರದ ಮೇಲೆ ಕೂತು ಜಿಂಕೆ ಎಣಿಸು. ನಾನು ಬಿದ್ದರೆ ನೋಡು, ಅಷ್ಟು ಸಾಕು.”

ನಾನು ಏಕೆ ಒಪ್ಪಿದೆನೋ ಇವತ್ತಿಗೂ ಪೂರ್ತಿ ತಿಳಿಯದು. ಕಿಟಕಿಯಿಲ್ಲದ ಕೋಣೆಯಲ್ಲಿ ಒಂಬತ್ತು ವರ್ಷ ಕಳೆದಿದ್ದೆ. ಚಳಿಗಾಲದಲ್ಲಿ ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಮನೆಗೆ ಬರುತ್ತಿದ್ದೆ. ಸೂರ್ಯನನ್ನು ಕಂಡದ್ದೇ ಅಪರೂಪ. ಅದೂ ಒಂದು ಕಾರಣವಿರಬಹುದು.

ಮನೆಯಲ್ಲಿ ಹೇಳಿದಾಗ ನನ್ನ ಹೆಂಡತಿ ಲಟ್ಟಣಿಗೆ ಕೈಯಲ್ಲಿ ಹಿಡಿದೇ ತಿರುಗಿದಳು.

“ಏನ್ರೀ, ತಲಿ ಗಿಲಿ ಕೆಟ್ಟೈತೇನು? ತತ್ತಿ ಸುದ್ದಾ ಮುಟ್ಟದ ಮಂದಿ ನಾವು. ನೀವು ಬ್ಯಾಟಿಗೆ ಹೊಂಟೀರಿ?”

“ನಾ ಬ್ಯಾಟಿ ಆಡಂಗಿಲ್ಲ. ಆ ಮುದುಕ ಬಿದ್ದಗಿದ್ದಾನು ಅಂತ ಕಾಯಾಕ ಹೊಂಟೀನಿ.”

“ಅವ ಬಿದ್ರ ನೀವು ಕಾಯ್ತೀರಿ. ನೀವು ಬಿದ್ರ ಯಾರು ಕಾಯ್ತಾರ?”

ಒಳಗಿನಿಂದ ಮಗಳು ಇಂಗ್ಲಿಷಿನಲ್ಲಿ, ಜೇಡವನ್ನೂ ಲೋಟದಲ್ಲಿ ಹಿಡಿದು ಹೊರಗೆ ಬಿಡುವ ಅಪ್ಪ ಬೇಟೆಗೆ ಹೋಗುವುದೆಂದರೇನು ಎಂದು ನಕ್ಕಳು. ಕೊನೆಗೆ ಒಂದು ಕರಾರಿನ ಮೇಲೆ ಒಪ್ಪಿಗೆ ಸಿಕ್ಕಿತು: ಬಂದ ತಕ್ಷಣ ಬೂಟು ಬಾಗಿಲ ಹೊರಗೆ, ಮೊದಲು ಸ್ನಾನ, ಆಮೇಲೆ ಅಡುಗೆಮನೆ.

ಮೊದಲ ಚಳಿಗಾಲ ಪೂರ್ತಿ ಕಲಿಯುವುದರಲ್ಲೇ ಹೋಯಿತು. ಕಾಡಿನ ಗೇಟಿನ ಪಕ್ಕದ ಕಂಬಕ್ಕೆ ಆತ ಒಂದು ಸಣ್ಣ ಬೋರ್ಡು ಹೊಡೆದಿದ್ದ. ಅದರಲ್ಲಿ ಎರಡು ಮೊಳೆ, ಎರಡು ಕೆಂಪು ತಗಡಿನ ಬಿಲ್ಲೆ. ಒಳಗೆ ಹೋಗುವಾಗ ಬಿಲ್ಲೆ ತೂಗುಹಾಕಬೇಕು, ಹೊರಗೆ ಬರುವಾಗ ತೆಗೆಯಬೇಕು. ಬಿಲ್ಲೆ ತೂಗುತ್ತಿದ್ದರೆ ಮನುಷ್ಯ ಒಳಗಿದ್ದಾನೆ ಎಂದರ್ಥ. ಹೊರಡುವ ಮೊದಲು ಎಲ್ಲಿಗೆ, ಎಷ್ಟು ಹೊತ್ತಿಗೆ ವಾಪಸು ಎಂದು ಇಬ್ಬರೂ ಒಂದೊಂದು ಚೀಟಿ ಮನೆಯಲ್ಲಿಡಬೇಕು. ಆತನ ಚೀಟಿ ಪಕ್ಕದ ಮನೆಯವರ ಬಳಿ, ನನ್ನದು ನಮ್ಮ ಫ್ರಿಜ್ಜಿನ ಮೇಲೆ. ಮೊಬೈಲ್ ಇಬ್ಬರ ಹತ್ತಿರವೂ ಇತ್ತು. ಆದರೆ ಆ ತಗ್ಗಿನಲ್ಲಿ ಸಿಗ್ನಲ್ ಸಿಗುತ್ತಿರಲಿಲ್ಲ.

ಏಣಿ ಹತ್ತುವ ಮೊದಲು ಎರಡೂ ಪಟ್ಟಿಗಳನ್ನು ಕೈಯಿಂದ ತಡವಿ ನೋಡಬೇಕು. ಏಣಿಯನ್ನು ಅಲ್ಲಾಡಿಸಬೇಕು. ಎರಡು ಕೈ, ಎರಡು ಕಾಲು, ಈ ನಾಲ್ಕರಲ್ಲಿ ಮೂರು ಯಾವಾಗಲೂ ಏಣಿಯ ಮೇಲಿರಬೇಕು. ಬಂದೂಕನ್ನು ಹೊತ್ತು ಹತ್ತಬಾರದು. ಗುಂಡು ತೆಗೆದು, ಹಗ್ಗಕ್ಕೆ ಕಟ್ಟಿ ಕೆಳಗೆ ಬಿಟ್ಟು, ತಾನು ಮೇಲೆ ಹೋಗಿ ಕೂತ ಮೇಲೆ ಎಳೆದುಕೊಳ್ಳಬೇಕು. ಬಿದ್ದ ದಿನ ತನ್ನ ಜೀವ ಉಳಿಸಿದ್ದು ಇದೊಂದೇ ಎನ್ನುತ್ತಿದ್ದ. ಬಂದೂಕು ಬೆನ್ನ ಮೇಲಿದ್ದಿದ್ದರೆ ಅದರ ಮೇಲೆಯೇ ಬೀಳುತ್ತಿದ್ದನಂತೆ.

ಇಷ್ಟಲ್ಲದೆ, ಮರ ಕತ್ತರಿಸುವವರು ತೊಡುವಂಥ ಹಾರ್ನೆಸ್ ಎರಡು ತಂದಿದ್ದ. ತೊಡೆ, ಸೊಂಟ, ಹೆಗಲಿಗೆ ಬಿಗಿಯುವ ಪಟ್ಟಿಗಳು, ಬೆನ್ನಿನಿಂದ ಹೊರಟ ಗಿಡ್ಡ ಹಗ್ಗ, ಅದರ ತುದಿಗೆ ಕಬ್ಬಿಣದ ಕೊಂಡಿ. ಕಾಂಡಕ್ಕೆ ಸುತ್ತಿದ ಹಗ್ಗಕ್ಕೆ ಕೊಂಡಿ ಹಾಕಿದ ಮೇಲೆಯೇ ಕೂರುವುದು. ಅಲ್ಲಿನ ಬೇಟೆಯವರು ಯಾರೂ ಆಗ ಅದನ್ನು ತೊಡುತ್ತಿರಲಿಲ್ಲ, ನೋಡಿದವರು ನಗುತ್ತಿದ್ದರು. ಆತ ಜೊತೆಗೆ ಇನ್ನೊಂದು ತುಂಡು ಹಗ್ಗವನ್ನೂ ಕೊಟ್ಟಿದ್ದ, ಕುಣಿಕೆ ಹಾಕಿದ್ದು. ಜೇಬಿನಲ್ಲೇ ಇರಬೇಕು. ಅಕಸ್ಮಾತ್ ನೇತಾಡುವ ಪ್ರಸಂಗ ಬಂದರೆ ಕುಣಿಕೆಯಲ್ಲಿ ಕಾಲಿಟ್ಟು ನಿಲ್ಲಬೇಕು. ಇಲ್ಲದಿದ್ದರೆ ತೊಡೆಯ ಪಟ್ಟಿ ರಕ್ತ ತಡೆದು ಮನುಷ್ಯ ಸ್ವಲ್ಪ ಹೊತ್ತಿನಲ್ಲೇ ಎಚ್ಚರ ತಪ್ಪುತ್ತಾನೆ. ಇದನ್ನು ನನಗೆ ವಿವರಿಸಬೇಕಾಗಿರಲಿಲ್ಲ.

“ಕೊನೆಯದು,” ಎಂದ. “ನಿದ್ದೆಗೆಟ್ಟ ದಿನ ಮರ ಹತ್ತಬೇಡ.”

ಆ ಚಳಿಗಾಲ ಆತ ನಾಲ್ಕು ಜಿಂಕೆ ಹೊಡೆದ. ಮೊದಲನೆಯದಕ್ಕೆ ನಾನು ಕಣ್ಣು ಮುಚ್ಚಿಕೊಂಡೆ. ಸದ್ದು ತಗ್ಗಿನ ಈ ಬದಿಯಿಂದ ಆ ಬದಿಗೆ ಹೋಗಿ ಮತ್ತೆ ನನ್ನ ಬಳಿ ಬಂತು. ಕಣ್ಣು ತೆರೆದಾಗ ಅದು ನಿಂತಿದ್ದ ಜಾಗದಲ್ಲಿ ಹುಲ್ಲು ಮಾತ್ರ ಅಲುಗುತ್ತಿತ್ತು. ಮನೆಗೆ ಬಂದು ಬಹಳ ಹೊತ್ತು ಸ್ನಾನ ಮಾಡಿದೆ. ಇನ್ನು ಹೋಗುವುದಿಲ್ಲ ಎಂದುಕೊಂಡೆ. ಆದರೆ ಮುಂದಿನ ಶನಿವಾರ ಆತ ಒಬ್ಬನೇ ಏಣಿ ಹತ್ತುವುದು ಕಣ್ಣಿಗೆ ಕಟ್ಟಿ, ಹೋದೆ.

ಬಹಳಷ್ಟು ಸಂಜೆ ಏನೂ ಆಗುತ್ತಿರಲಿಲ್ಲ. ಎರಡು ತಾಸು ಅಲುಗಾಡದೆ ಕೂತರೆ ಕಾಡು ನಮ್ಮನ್ನು ಮರೆಯುತ್ತದೆ. ಪುಟ್ಟ ಹಕ್ಕಿಯೊಂದು ನನ್ನ ಮೊಣಕಾಲ ಮೇಲೆ ಬಂದು ಕೂತಿತ್ತು. ನರಿಯೊಂದು ಏಣಿಯ ಕೆಳಗೇ ಹಾದು ಹೋಗಿತ್ತು. ದೂರದಲ್ಲಿ ಕ್ರಾಯ್ಡನ್ನಿನ ಎತ್ತರದ ಕಟ್ಟಡಗಳ ದೀಪಗಳು ಹತ್ತಿಕೊಳ್ಳುತ್ತಿದ್ದವು. ಅಷ್ಟು ಹತ್ತಿರದಲ್ಲಿ ಲಕ್ಷಗಟ್ಟಲೆ ಜನ ಇದ್ದಾರೆ ಎನ್ನುವುದು ಆ ಹಲಗೆಯ ಮೇಲೆ ಕೂತಾಗ ಸುಳ್ಳೆನಿಸುತ್ತಿತ್ತು.

ಎರಡನೆಯ ಚಳಿಗಾಲದ ಡಿಸೆಂಬರಿನಲ್ಲಿ ಅದು ಆಯಿತು.

ಹಿಂದಿನ ರಾತ್ರಿ ನನಗೆ ನೈಟ್ ಶಿಫ್ಟ್ ಇತ್ತು. ಬೆಳಿಗ್ಗೆ ಬಂದವನು ಮಲಗಲಿಲ್ಲ. ಊರಿನಿಂದ ಬರುವ ನೆಂಟರಿಗಾಗಿ ಮನೆಯ ಮೇಲಿನ ಲಾಫ್ಟ್‌ನಿಂದ, ಎಂದರೆ ಸೂರಿನಡಿಯ ಅಟ್ಟದಿಂದ, ಏಣಿ ಹಾಕಿ ಹಾಸಿಗೆ, ಸೂಟ್‌ಕೇಸು ಇಳಿಸುವ ಕೆಲಸ ಎರಡು ದಿನದಿಂದ ನಡೆದಿತ್ತು. ಅದನ್ನು ಮುಗಿಸಿ ಹೊರಟೆ. ಗೇಟಿನ ಬಳಿ ಆತ ನನ್ನ ಮುಖ ನೋಡಿ, “ನಿದ್ದೆ ಆಯಿತೇ?” ಎಂದು ಕೇಳಿದ. “ಆಯಿತು,” ಎಂದು ಸುಳ್ಳು ಹೇಳಿದೆ.

ಬಿಲ್ಲೆ ತೂಗುಹಾಕಿದೆವು. ಎರಡೂವರೆಗೆ ಮರ ಹತ್ತಿದೆವು. ನನ್ನದು ಬೀಚ್ ಮರ, ಕಾಂಡ ಬೂದಿ ಬಣ್ಣ, ಬುಡದಲ್ಲಿ ಮೊಣಕಾಲುದ್ದ ಒಣ ಎಲೆ. ಆತನದು ಹುಲ್ಲುಗಾವಲಿನಾಚೆ ಇನ್ನೂರು ಹೆಜ್ಜೆ ದೂರ. ಕೊಂಡಿ ಹಾಕಿಕೊಂಡೆ. ಕುತ್ತಿಗೆಯಲ್ಲಿ, ಇಳಿಯುವ ಮೊದಲು ಊದಬೇಕಾದ ಸೀಟಿ, ಜೇಬಿನಲ್ಲಿ ಕುಣಿಕೆ. ಎಲ್ಲ ಸರಿಯಾಗಿತ್ತು.

ಮೂರೂವರೆಗೆ ತಗ್ಗಿನಿಂದ ಮಂಜು ಏಳತೊಡಗಿತು. ಮೊದಲು ಹುಲ್ಲು ಮುಚ್ಚಿತು, ಆಮೇಲೆ ಪೊದೆಗಳು. ಹಕ್ಕಿಗಳು ಒಂದೊಂದಾಗಿ ಸುಮ್ಮನಾದವು. ವಿಮಾನದ ಸದ್ದೂ ನಿಂತುಹೋಗಿತ್ತು. ಕಾಲ್ಬೆರಳಿನಲ್ಲಿ ಚಳಿ ಇತ್ತು. ಸ್ವಲ್ಪ ಹೊತ್ತಿಗೆ ಚಳಿ ಹೋಯಿತು. ಹೋಯಿತಲ್ಲ ಎಂದು ಖುಷಿಪಟ್ಟದ್ದು ನೆನಪಿದೆ. ಅದು ಕೆಟ್ಟ ಲಕ್ಷಣ ಎಂದು ಆಗ ಹೊಳೆಯಲಿಲ್ಲ.

ಆಗ ಕೆಳಗಿನಿಂದ ನನ್ನ ಹೆಂಡತಿ ಕರೆದಳು.

“ರೀ, ಇಳೀರಿ ಇನ್ನ. ಹೊತ್ತಾತು. ಚಾ ಆರತೈತಿ.”

ಅವಳದೇ ದನಿ. ಲಾಫ್ಟ್‌ನ ಏಣಿಯ ಬುಡದಲ್ಲಿ ನಿಂತು ತಲೆ ಎತ್ತಿ ಕರೆಯುವಾಗ ಹೇಗಿರುತ್ತದೋ ಹಾಗೆ, ಸ್ವಲ್ಪ ಬೇಸರ, ಸ್ವಲ್ಪ ಸಲಿಗೆ. ನನಗೆ ಆಶ್ಚರ್ಯವೇ ಆಗಲಿಲ್ಲ. “ಬಂದೆ,” ಎಂದೆ. ಬೆನ್ನ ಹಿಂದೆ ಕೈ ಹಾಕಿ, ಏನೋ ಹಿಡಿದೆಳೆಯುತ್ತಿದೆಯಲ್ಲ, ಅಂಗಿ ಮೊಳೆಗೆ ಸಿಕ್ಕಿರಬೇಕು ಎಂದು ಕೊಂಡಿಯನ್ನು ಬಿಚ್ಚಲು ನೋಡಿದೆ. ದಪ್ಪ ಕೈಗವಸಿನಲ್ಲಿ ಕೊಂಡಿಯ ತಿರುಪು ಸಿಗಲಿಲ್ಲ. ಇರಲಿ ಎಂದು ಬಿಟ್ಟು ಎದ್ದೆ. ನಮ್ಮ ಲಾಫ್ಟ್‌ನ ಏಣಿ ಎಡಗಡೆಗಿದೆ. ಎಡಗಾಲನ್ನು ಚಾಚಿ ಕೆಳಗಿಟ್ಟೆ.

ಅಲ್ಲಿ ಏನೂ ಇರಲಿಲ್ಲ.

ಬಿದ್ದದ್ದು ಮೂರಡಿಯಷ್ಟೇ. ಆದರೆ ಹಗ್ಗ ಜಗ್ಗಿ ನಿಂತಾಗ ಯಾರೋ ಬೆನ್ನಿಗೆ ಒದ್ದಂತಾಯಿತು, ಉಸಿರು ಕಟ್ಟಿತು. ಎಚ್ಚರವಾದಾಗ ನಾನು ಕಾಂಡಕ್ಕೆ ಮುಖ ಮಾಡಿ ನೇತಾಡುತ್ತಿದ್ದೆ. ಬೀಚ್ ಮರದ ತಣ್ಣನೆಯ ತೊಗಟೆ ಕೆನ್ನೆಗೆ ತಾಗುತ್ತಿತ್ತು. ಏಣಿ ಬಲಕ್ಕಿತ್ತು, ಕೈ ಚಾಚಿದರೆ ಬೆರಳ ತುದಿ ಮಾತ್ರ ತಾಗುವಷ್ಟು ದೂರ.

ಸೀಟಿ ಊದಿದೆ. ತುಟಿ ಮರಗಟ್ಟಿದ್ದರಿಂದ ಗಾಳಿಯೇ ಹೆಚ್ಚು ಬಂತು. ಮತ್ತೆ ಮತ್ತೆ ಊದಿದೆ. ಹಳಿಯ ಮೇಲಿನ ದುಡಿಮೆ ಆತನ ಕಿವಿಯನ್ನು ಅರ್ಧ ಕೆಡಿಸಿತ್ತು ಎನ್ನುವುದು ಆಗ ನೆನಪಾಯಿತು. ಜೇಬಿಗೆ ಕೈ ಹಾಕಿ ಕುಣಿಕೆ ತೆಗೆದೆ. ಹಲ್ಲಿನಲ್ಲಿ ಕೈಗವಸು ಕಚ್ಚಿ ಎಳೆದು, ಕುಣಿಕೆಯ ಮೇಲ್ತುದಿಯನ್ನು ಹಾರ್ನೆಸ್ಸಿನ ಬಳೆಗೆ ಸಿಕ್ಕಿಸಲು ಎಷ್ಟು ಹೊತ್ತು ಹಿಡಿಯಿತೋ ತಿಳಿಯದು. ಬಲಗಾಲು ಕುಣಿಕೆಯೊಳಗೆ ಹೋದಾಗ, ಮೈ ಭಾರ ಅದರ ಮೇಲೆ ಬಿದ್ದು ತೊಡೆಯಲ್ಲಿ ರಕ್ತ ಹರಿಯತೊಡಗಿದಾಗ, ನೋವಿಗೆ ಕಣ್ಣಲ್ಲಿ ನೀರು ಬಂತು.

ಆಗ ಕೆಳಗೆ ಎಲೆಗಳ ಸದ್ದು ಕೇಳಿಸಿತು.

ಯಾರೋ ನಡೆಯುತ್ತಿದ್ದರು. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ, ಆಮೇಲೆ ನಿಲ್ಲುವುದು. ಮತ್ತೆ ಒಂದು, ಮತ್ತೆ ಒಂದು. ಸದ್ದು ನನ್ನ ಎಡದಿಂದ ಬೆನ್ನ ಹಿಂದಕ್ಕೆ ಬಂತು, ಅಲ್ಲಿಂದ ಬಲಕ್ಕೆ, ಆಮೇಲೆ ಕಾಂಡದ ಆಚೆ. ಮರವನ್ನು ಸುತ್ತು ಹಾಕುತ್ತಿತ್ತು. ಅವಸರವಿರಲಿಲ್ಲ. ಹಗ್ಗ ಬೆನ್ನಿಗಿದ್ದುದರಿಂದ ನನಗೆ ತಿರುಗಿ ಕೆಳಗೆ ನೋಡಲು ಆಗುತ್ತಿರಲಿಲ್ಲ. ಓರೆಗಣ್ಣಿಗೆ ಕಂಡದ್ದು ಮಂಜು ಮಾತ್ರ.

“ಯಾರು?” ಎಂದೆ. ಕನ್ನಡದಲ್ಲೇ ಬಾಯಿಗೆ ಬಂತು. “ಯಾರದು?”

ಹೆಜ್ಜೆ ನಿಂತಿತು, ನನ್ನ ಕಾಲಿನ ನೇರ ಕೆಳಗೆ. ಉಸಿರಾಡುವ ಸದ್ದೂ ಇಲ್ಲ, ಎಲೆ ಅಲುಗುವ ಸದ್ದೂ ಇಲ್ಲ. ಅಲ್ಲಿ ಇದೆ ಎನ್ನುವುದು ಮಾತ್ರ ಗೊತ್ತು. ಕೋಣೆಯೊಳಗೆ ಬೆನ್ನು ಹಾಕಿ ಕೂತಾಗ ಯಾರಾದರೂ ಬಂದು ಬಾಗಿಲಲ್ಲಿ ನಿಂತರೆ ಗೊತ್ತಾಗುವುದಿಲ್ಲವೇ, ಹಾಗೆ. ಹೆದರಿಕೆ ಎಂದರೇನೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ ಎಂದೇ ಹೇಳಬೇಕು. ಕುಣಿಕೆಯಲ್ಲಿದ್ದ ಕಾಲನ್ನು ಮೇಲಕ್ಕೆಳೆದುಕೊಳ್ಳಲು ನೋಡಿದೆ.

ಎಷ್ಟು ಹೊತ್ತು ಹೀಗಿದ್ದೆನೋ. ಹತ್ತು ನಿಮಿಷ ಇರಬಹುದು. ಆಮೇಲೆ ಹುಲ್ಲುಗಾವಲಿನ ಕಡೆಯಿಂದ ಕುಂಟುವ ಹೆಜ್ಜೆಯ ಸದ್ದು, ಟಾರ್ಚಿನ ಬೆಳಕು, ಸಿಟ್ಟಿನ ದನಿ.

“ಇಳಿಯುವ ಮೊದಲು ಸೀಟಿ ಊದು ಎಂದು ಎಷ್ಟು ಸಲ ಹೇಳಿದ್ದೇನೆ, ಡಾಕ್ಟರ್? ಬಂದೂಕಿನ ಎದುರು ಬಂದು ನಿಂತಿದ್ದೀಯಲ್ಲ, ನಿನಗೇನಾದರೂ...”

ಬೆಳಕು ಮೇಲಕ್ಕೆ ಬಂತು. ಆತ ಮಾತು ನಿಲ್ಲಿಸಿದ.

ಬಂದೂಕನ್ನು ಖಾಲಿ ಮಾಡಿ ಒರಗಿಸಿಟ್ಟು, ಏಣಿ ಹತ್ತಿ ಬಂದ. ಆ ಹಿಮ್ಮಡಿಗಳಲ್ಲಿ ಅದು ಹೇಗೆ ಹತ್ತಿದನೋ. ಮೊದಲು ತನ್ನ ಕೊಂಡಿ ಹಾಕಿಕೊಂಡ, ಆಮೇಲೆ ನನ್ನ ಸೊಂಟದ ಪಟ್ಟಿ ಹಿಡಿದು ಏಣಿಯ ಕಡೆಗೆ ಎಳೆದ. ನನ್ನ ಎರಡೂ ಕಾಲು ಮೆಟ್ಟಿಲ ಮೇಲೆ ನಿಂತ ಮೇಲೂ ಸ್ವಲ್ಪ ಹೊತ್ತು ಬಿಡಲಿಲ್ಲ. “ಮೂರು,” ಎನ್ನುತ್ತಿದ್ದ. “ಮೂರು ಏಣಿಯ ಮೇಲೆ. ಈಗ ಒಂದು ಕೈ. ಈಗ ಒಂದು ಕಾಲು.” ಹಾಗೆ ಎಣಿಸುತ್ತ ನನ್ನನ್ನು ಇಳಿಸಿದ.

ಕೆಳಗೆ ಕೂತು ಆತನ ಫ್ಲಾಸ್ಕಿನ ಚಹಾ ಕುಡಿದೆ. “ಸೀಟಿ ಕೇಳಿಸಿತೇ?” ಎಂದೆ.

“ಯಾವ ಸೀಟಿ?”

“ಮತ್ತೆ ಯಾಕೆ ಬಂದಿರಿ?”

ಆತ ಟಾರ್ಚನ್ನು ಎಲೆಗಳ ಮೇಲೆ ಆಡಿಸಿದ. ಮರದ ಸುತ್ತ ಎಲೆ ಕಲಕಿತ್ತು. ಅಲ್ಲಲ್ಲಿ ಹಸಿ ಮಣ್ಣಿನಲ್ಲಿ ಜಿಂಕೆಯ ಗೊರಸಿನ ಗುರುತು, ಅದು ಹೊಸದೋ ಹಳೆಯದೋ ಹೇಳುವುದು ಕಷ್ಟ. “ನೀನು ಏಣಿಯ ಬುಡದಲ್ಲಿ ನಿಂತಿದ್ದೆ,” ಎಂದ. “ಮಂಜು ಸ್ವಲ್ಪ ಸರಿದಾಗ ಕಂಡೆ. ಬಹಳ ಹೊತ್ತು ನೀನು ನಿಂತೇ ಇದ್ದೆ. ಒಂದು ಜಿಂಕೆ ಅದೇ ನೇರಕ್ಕೆ ಬಂದಿತ್ತು, ಬಿಟ್ಟೆ. ಬೈಯೋಣ ಎಂದು ಬಂದೆ.”

ನಿದ್ದೆಯ ವಿಷಯದಲ್ಲಿ ಸುಳ್ಳು ಹೇಳಿದ್ದನ್ನು ಒಪ್ಪಿಕೊಂಡೆ. ಆತ ತಲೆಯಾಡಿಸಿದ, ಅಷ್ಟೇ. ಎರಡೂ ಬಿಲ್ಲೆಗಳನ್ನು ತೆಗೆದು ನನ್ನನ್ನು ಕಾರಿನಲ್ಲಿ ಮನೆಯವರೆಗೆ ಬಿಟ್ಟ.

ಮನೆಯಲ್ಲಿ ಏನೂ ಹೇಳಬಾರದೆಂದಿದ್ದೆ. ಆದರೆ ಮರುದಿನ ತೊಡೆಯ ಮೇಲೆ ಪಟ್ಟಿಯ ಅಗಲಕ್ಕೆ ಕಪ್ಪು ಬಾಸುಂಡೆ ಎದ್ದಿದ್ದನ್ನು ಹೆಂಡತಿ ನೋಡಿದಳು. ಎಲ್ಲ ಹೇಳಿದೆ, ಅವಳ ದನಿ ಕೇಳಿಸಿದ್ದನ್ನೂ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಹಾಸಿಗೆಯ ಅಂಚಿಗೆ ಕೂತಳು.

“ನಾ ಕರದಿದ್ದೆ,” ಅಂದಳು.

“ಏನಂದಿ?”

“ನಿನ್ನೆ ಸಂಜಿಮುಂದ. ಬಾಗಲಾ ತಗದಂಗ ಸಪ್ಪಳಾತು. ನೀವು ಬಂದು ಮತ್ತ ಮ್ಯಾಲಿನ ಅಟ್ಟಾ ಹತ್ತೀರಿ ಅನಕೊಂಡೆ. ಮ್ಯಾಲ ಓಡ್ಯಾಡಿದಂಗ ಕೇಳಸ್ತಿತ್ತು. ಚಾ ಮಾಡಿ ಏಣಿ ಕೆಳಗ ನಿಂತು ಕರದೆ. ಬರಲಿಲ್ಲ. ಹತ್ತಿ ನೋಡಿದ್ರ ಯಾರೂ ಇದ್ದಿದ್ದಿಲ್ಲ.”

ಎಷ್ಟು ಗಂಟೆಗೆ ಎಂದು ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ. ಪಕ್ಕದ ಮನೆಯ ಲಾಫ್ಟ್ ನಮ್ಮದಕ್ಕೆ ಅಂಟಿಕೊಂಡೇ ಇತ್ತು, ಅವರು ಏನಾದರೂ ಇಡಲು ಹತ್ತಿರಬಹುದು. ಆ ಮಾತನ್ನು ನಾನು ಆಡಿದೆ, ಅವಳು ಹೂಂ ಎಂದಳು. ಆದರೆ ಆ ಚಳಿಗಾಲವಿಡೀ ನಮ್ಮಿಬ್ಬರಲ್ಲಿ ಯಾರೂ ಒಬ್ಬರೇ ಲಾಫ್ಟ್ ಹತ್ತಲಿಲ್ಲ.

ಮುಂದಿನ ಭಾನುವಾರ, ಬಿಸಿಲಿದ್ದಾಗ, ಆತ ನನ್ನನ್ನು ಮತ್ತೆ ಕಾಡಿಗೆ ಕರೆದ. ಬಂದೂಕು ತಂದಿರಲಿಲ್ಲ. ನನ್ನನ್ನು ಬೀಚ್ ಮರದ ಮೇಲೆ ಕೂರಿಸಿ, ತಾನು ತನ್ನ ಅಟ್ಟಣಿಗೆಗೆ ಹೋದ. ಸ್ವಲ್ಪ ಹೊತ್ತಿಗೆ ಇಳಿ ಎಂದು ಕೂಗಿದ. ಇಳಿದು ಬುಡದಲ್ಲಿ ನಿಂತೆ. ಆಮೇಲೆ ನನ್ನನ್ನು ತನ್ನ ಅಟ್ಟಣಿಗೆಯ ಮೇಲೆ ಕೂರಿಸಿ ತಾನು ಬೀಚ್ ಮರದ ಕಡೆ ಹೋಗಿ ನಿಂತ. ಆಗ ನನಗೆ ಅರ್ಥವಾಯಿತು. ಅಲ್ಲಿಂದ ನೋಡಿದರೆ, ನಡುವೆ ಇದ್ದ, ಹಾಲಿ ಎಂಬ ಮುಳ್ಳೆಲೆಯ ದಟ್ಟ ಮರವೊಂದು ನನ್ನ ಹಲಗೆಯನ್ನೂ ಏಣಿಯ ಮೇಲರ್ಧವನ್ನೂ ಪೂರ್ತಿ ಮುಚ್ಚಿಬಿಡುತ್ತಿತ್ತು. ಚಳಿಗಾಲದಲ್ಲೂ ಎಲೆ ಉದುರದ ಮರ ಅದು. ಕಾಣುತ್ತಿದ್ದುದು ಏಣಿಯ ಕೆಳಗಿನ ನಾಲ್ಕೈದು ಮೆಟ್ಟಿಲು ಮತ್ತು ನೆಲ ಮಾತ್ರ. ನಾನು ನೇತಾಡುತ್ತಿದ್ದ ಎತ್ತರ ಕಾಣುವಂತೆಯೇ ಇರಲಿಲ್ಲ. ನನ್ನ ಹಲಗೆಯಿಂದಲೂ ಆತನ ಏಣಿಯ ಬುಡವಷ್ಟೇ ಕಾಣುತ್ತಿತ್ತು; ಬಿದ್ದರೆ ನೋಡಲು ಅಷ್ಟು ಸಾಕು ಎಂದುಕೊಂಡಿದ್ದೆವು.

“ನನ್ನ ಕಣ್ಣು ಚೆನ್ನಾಗಿದೆ,” ಎಂದ, ವಾಪಸು ಬಂದು. “ಕಿವಿ ಹೋಗಿದೆ, ಕಣ್ಣು ಹೋಗಿಲ್ಲ.”

“ಮತ್ತೆ ಅಲ್ಲಿ ನಿಂತಿದ್ದವರು ಯಾರು?”

ಆತ ಬಿದ್ದ ಮರವೊಂದರ ಮೇಲೆ ಕೂತ. ನಾನು ಆ ಮೊದಲು ಕೇಳಿರದ ಸಂಗತಿ ಅವತ್ತು ಹೇಳಿದ. ತಾನು ಹಿಮ್ಮಡಿ ಮುರಿದುಕೊಂಡು ಬಿದ್ದಿದ್ದ ಆ ಏಳೆಂಟು ಗಂಟೆ ಯಾರೋ ಪಕ್ಕದಲ್ಲಿದ್ದರಂತೆ. ಕಣ್ಣು ಮುಚ್ಚಿದಾಗಲೆಲ್ಲ ತಲೆಯ ಹತ್ತಿರ ಎಲೆ ತುಳಿದ ಸದ್ದು. ಕಣ್ಣು ತೆರೆದರೆ ಏನೂ ಇಲ್ಲ. ಹೀಗಾಗಿ ಇಡೀ ಬೆಳಿಗ್ಗೆ ನಿದ್ದೆ ಹೋಗಲು ಆಗಲಿಲ್ಲ.

“ನಿದ್ದೆ ಹೋಗಿದ್ದರೆ ಆ ಚಳಿಗೆ ಸತ್ತೇ ಹೋಗುತ್ತಿದ್ದೆ,” ಎಂದ. “ಆಸ್ಪತ್ರೆಯಲ್ಲಿ ಯಾರಿಗೂ ಹೇಳಲಿಲ್ಲ. ತಲೆಗೂ ಪೆಟ್ಟಾಗಿದೆ ಎಂದು ಇನ್ನೊಂದು ಎಕ್ಸ್‌ರೇ ತೆಗೆಯುತ್ತಿದ್ದೆ ನೀನು. ಅದು ಏನೇ ಇರಲಿ, ಒಳ್ಳೆಯದೇ ಅಂತ ನನಗನ್ನಿಸುತ್ತದೆ, ಡಾಕ್ಟರ್. ನಿನಗೂ ಅದರಿಂದ ಒಳ್ಳೆಯದೇ ಆಯಿತು. ಅಲ್ಲಿ ನಿಂತಿರದಿದ್ದರೆ ನಾನು ಕತ್ತಲಾಗುವವರೆಗೆ ಬರುತ್ತಿರಲಿಲ್ಲ.”

“ನನ್ನನ್ನು ಕೆಳಗೆ ಕರೆದದ್ದೂ ಅದೇ ಆಗಿದ್ದರೆ?”

ಆತ ಎದ್ದು ಬೀಚ್ ಮರದ ಬಳಿ ಹೋಗಿ ಕೆಳಗಿನ ಪಟ್ಟಿಯ ಬಿಗಿ ಸಡಿಲಿಸಿದ. ಇಬ್ಬರೂ ಸೇರಿ ಆ ಅಟ್ಟಣಿಗೆ ಇಳಿಸಿದೆವು. ಹುಲ್ಲುಗಾವಲಿನ ಅದೇ ಬದಿಯಲ್ಲಿ, ನಡುವೆ ಮರ ಅಡ್ಡ ಬರದ ಕಡೆ, ಒಬ್ಬರಿಗೊಬ್ಬರು ಪೂರ್ತಿ ಕಾಣುವಂತೆ ಒಂದು ಓಕ್ ಮರಕ್ಕೆ ಒರಗಿಸಿ ಬಿಗಿದೆವು. ಹಳೆಯ ನಿಯಮಗಳಿಗೆ ಆತ ಎರಡು ಸೇರಿಸಿದ. ಅರ್ಧ ಗಂಟೆಗೊಮ್ಮೆ ಇಬ್ಬರೂ ಕೈ ಎತ್ತಿ ತೋರಿಸಬೇಕು; ಮಂಜು ಬಂದು ಕೈ ಕಾಣದಾದರೆ ಅವತ್ತಿನ ಕೆಲಸ ಮುಗಿಯಿತು. ಇನ್ನೊಂದು, ಕೆಳಗಿನಿಂದ ಯಾರೇ ಕರೆದರೂ, ಕರೆದವರ ಮುಖ ಕಣ್ಣಾರೆ ನೋಡದೆ ಕೊಂಡಿಗೆ ಕೈ ಹಾಕಬಾರದು.

ಆಮೇಲೂ ಆರು ಚಳಿಗಾಲ ಹೋದೆ. ಹೆಂಡತಿ ಬೇಡ ಅನ್ನಲಿಲ್ಲ. ಚೀಟಿಯಲ್ಲಿ ಬರೆದ ಹೊತ್ತಿಗೆ ಸರಿಯಾಗಿ ಗೇಟಿನ ಬಳಿ ಕಾರು ತಂದು ನಿಲ್ಲಿಸುತ್ತಿದ್ದಳು, ಇಂಜಿನ್ ಆರಿಸದೆ, ದೀಪ ಹಾಕಿಕೊಂಡು. ನಾನು ಎದುರಿಗೆ ಬಂದು ನಿಂತು, ಅವಳು ಮುಖ ನೋಡಿದ ಮೇಲೆಯೇ ಬಾಗಿಲಿನ ಲಾಕ್ ತೆಗೆಯುತ್ತಿದ್ದಳು. ನಾನು ಒಮ್ಮೆಯೂ ಕಾಡಿನಲ್ಲಿ ನಿದ್ದೆ ಹೋಗಲಿಲ್ಲ, ಮತ್ತೆ ಯಾವ ದನಿಯೂ ಕೇಳಿಸಲಿಲ್ಲ. ಆದರೂ ಎಲೆ ಸರಿದ ಸದ್ದಾದಾಗ, ಅದು ನರಿಯೋ ಕಾಡುಕೋಳಿಯೋ ಎಂದು ಕಣ್ಣಿಗೆ ಕಾಣುವವರೆಗೆ, ಕೈ ತಾನಾಗಿ ಬೆನ್ನ ಹಿಂದಿನ ಹಗ್ಗ ಹಿಡಿಯುತ್ತಿತ್ತು.

ಎರಡು ಸಾವಿರದ ನಾಲ್ಕೈದರ ಸುಮಾರಿಗೆ ಆತನ ಹಿಮ್ಮಡಿಗಳು ಏಣಿಯನ್ನು ಪೂರ್ತಿ ಒಲ್ಲೆ ಎಂದವು. ಕಾಡಿನ ಮಾಲೀಕರು ಆ ಕೆಲಸವನ್ನು ನಲವತ್ತರ ಆಸುಪಾಸಿನ ಇನ್ನೊಬ್ಬನಿಗೆ ಕೊಟ್ಟರು. ಅವನಿಗೆ ಜಾಗ ತೋರಿಸಲು ನಾವಿಬ್ಬರೂ ಹೋದೆವು. ಮುದುಕ ಗೇಟಿನ ಬಳಿ ಮಡಚುವ ಕುರ್ಚಿ ಹಾಕಿಕೊಂಡು ಕೂತ. ನಾನು ಹೊಸಬನಿಗೆ ಪಟ್ಟಿ, ಹಗ್ಗ, ಕುಣಿಕೆ, ಬಿಲ್ಲೆ ಎಲ್ಲ ವಿವರಿಸಿದೆ. ಕೊನೆಯ ನಿಯಮ ಕೇಳಿ ಅವನು ನಕ್ಕ.

“ಇಲ್ಲಿ ಯಾರು ಕರೆಯುತ್ತಾರೆ?”

“ದಣಿದಾಗ ಒಂದೊಂದು ಸಲ ಹಾಗನ್ನಿಸುತ್ತದೆ,” ಎಂದೆ.

ಅವನು ಕೊಂಡಿ ಹಾಕಿಕೊಂಡು ಕೂರುವುದನ್ನು ನೋಡಿ ನಾನು ಗೇಟಿಗೆ ಬಂದೆ. ಮುದುಕನೂ ನಾನೂ ಸೂರ್ಯ ಮುಳುಗುವವರೆಗೆ ಅಲ್ಲಿ ಕೂತಿದ್ದೆವು. ಗುಂಡಿನ ಸದ್ದು ಬರಲಿಲ್ಲ. ಐದಕ್ಕೆ ಅವನು ಸೀಟಿ ಊದಿ, ಇಳಿದು ಬಂದ. ಎರಡು ಜಿಂಕೆ ದೂರದಲ್ಲಿ ಕಂಡವು, ಹೊಡೆಯುವ ಹಾಗಿರಲಿಲ್ಲ, ಬೇರೇನೂ ಇಲ್ಲ ಎಂದ. ಬಿಲ್ಲೆ ತೆಗೆದು ಜೇಬಿಗಿಟ್ಟುಕೊಂಡು ಅಂಗೈ ಉಜ್ಜಿಕೊಂಡ.

ನನಗೆ ಸಮಾಧಾನವಾಯಿತೋ ನಿರಾಸೆಯಾಯಿತೋ ಹೇಳಲಾರೆ. ಮುದುಕ ಮಾತ್ರ ಕುರ್ಚಿ ಮಡಚುತ್ತ, “ಒಳ್ಳೆಯ ಹುಡುಗ, ಕೊಂಡಿ ಹಾಕುತ್ತಾನೆ,” ಎಂದ. ಅವತ್ತು ನಮಗೆ ಕಾರು ಇರಲಿಲ್ಲ; ಆತನ ಕೈ ಹಿಡಿದು ಮಣ್ಣಿನ ದಾರಿಯಲ್ಲಿ ನಿಧಾನವಾಗಿ ಬಸ್ಸಿನ ಸ್ಟಾಪಿನವರೆಗೆ ನಡೆಸಿಕೊಂಡು ಬಂದೆ.